ಬೋರ್ಡ್ ದೊಡ್ಡದಿದ್ದರೆ ಗೇಮ್ ಜೋರಾಗಿ ಓಡುತ್ತಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕೂಡಿಟ್ಟ ದುಡ್ಡಿನಲ್ಲಿ ಗೇಮಿಂಗ್ ಕಂಪ್ಯೂಟರ್ ನಾನೇ ಜೋಡಿಸಬೇಕು ಅಂತಿದ್ದೇನೆ. ರೈಜನ್ 5 7600 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಅಂತ ಗೊತ್ತು ಮಾಡಿಕೊಂಡಾಯಿತು. ಇವೆಲ್ಲ ಕೂರುವ ಮದರ್‌ಬೋರ್ಡ್ ವಿಷಯದಲ್ಲಿ ಮಾತ್ರ ತಲೆ ಕೆಟ್ಟಿದೆ. ಸೀನಿಯರ್ ಒಬ್ಬರು ‘ದೊಡ್ಡ ಅಳತೆಯ ಎಟಿಎಕ್ಸೇ ತಗೋ, ಚಿಕ್ಕ ಬೋರ್ಡ್‌ನಲ್ಲಿ ಗೇಮ್ ನಿಧಾನ’ ಅಂತಾರೆ. ರೂಮ್‌ಮೇಟ್ ‘ಊರಿಗೆ ಒಯ್ಯೋಕೆ ಪುಟ್ಟ ಅಳತೆಯ ಮಿನಿ ಐಟಿಎಕ್ಸ್ ಒಳ್ಳೇದು’ ಅಂತಾನೆ. ಯಾವುದು ತಗೊಳ್ಳಲಿ?

ಉತ್ತರ: ಇಬ್ಬರದೂ ಬೇಡ. ನೀವು ನಡುವಿನ ಅಳತೆಯ ಮೈಕ್ರೋ ಎಟಿಎಕ್ಸ್ ತಗೊಳ್ಳಿ.

ನಿಮ್ಮ ಸೀನಿಯರ್ ಹೇಳಿದ್ದು ನಾನು ಅಂಗಡಿಗಳಲ್ಲೂ ಕೇಳುವ ಮಾತು. ಆದರೆ ಅದೇ ಪ್ರೊಸೆಸರ್, ಅದೇ ಕಾರ್ಡ್, ಅದೇ ರ‍್ಯಾಮ್ ಹಾಕಿದರೆ ಮೂರೂ ಅಳತೆಯಲ್ಲಿ ಗೇಮ್ ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಓಡುತ್ತದೆ. ಅಳತೆ ತೀರ್ಮಾನ ಮಾಡೋದು ಬೋರ್ಡಿಗೆ ಏನೇನು ಚುಚ್ಚಬಹುದು ಅನ್ನೋದನ್ನ.

ಎಟಿಎಕ್ಸ್ ಅನ್ನು ಇಂಟೆಲ್ 1995ರಲ್ಲಿ ತಂದಿತು. ಅದು 305 ಮಿ.ಮೀ. ಉದ್ದ, 244 ಅಗಲ, ಕಾರ್ಡ್ ಚುಚ್ಚುವ ಏಳು ಸ್ಲಾಟ್‌ವರೆಗೆ ಜಾಗ. ಮೈಕ್ರೋ ಎಟಿಎಕ್ಸ್ ಅಂದರೆ ಅದರ ಕೆಳಭಾಗ ಕತ್ತರಿಸಿದ 244ರ ಚೌಕ, ನಾಲ್ಕು ಸ್ಲಾಟ್. ಮಿನಿ ಐಟಿಎಕ್ಸ್ 170ರ ಚೌಕ, ಒಂದೇ ಸ್ಲಾಟ್. ಒಂದು ಕಾಲಕ್ಕೆ ಗೇಮರ್‌ಗಳು ಎರಡೆರಡು ಗ್ರಾಫಿಕ್ಸ್ ಕಾರ್ಡ್ ಜೋಡಿಸುತ್ತಿದ್ದರು, ಆಗ ದೊಡ್ಡ ಬೋರ್ಡ್ ಬೇಕೇ ಬೇಕಿತ್ತು. ನೀವು ಆರಿಸಿದ 40 ಸರಣಿಯ ಗೇಮಿಂಗ್ ಕಾರ್ಡ್‌ಗಳಲ್ಲಿ ಆ ಸೌಲಭ್ಯವೇ ಇಲ್ಲ. ಸೌಂಡ್ ಬೋರ್ಡಿನಲ್ಲೇ ಬರುತ್ತದೆ, ಎಷ್ಟೋ ಬೋರ್ಡ್‌ಗಳಲ್ಲಿ ವೈಫೈಯೂ ಇರುತ್ತದೆ. ಉಳಿದ ಸ್ಲಾಟ್‌ಗಳು ಸುಮ್ನೆ ಧೂಳು ತಿನ್ನುತ್ತವೆ. ಅದಕ್ಕೆ ಕೊಡುವ ದುಡ್ಡನ್ನು ಒಂದು ಟಿಬಿ ಎಸ್‌ಎಸ್‌ಡಿಗೆ ಹಾಕಿ.

ರೂಮ್‌ಮೇಟ್ ಮಾತಿನಲ್ಲಿ ಹುರುಳಿದೆ. ಆದರೆ ಐಟಿಎಕ್ಸ್ ಬೋರ್ಡಿಗೆ ಬೆಲೆ ಜಾಸ್ತಿ. ತೀರಾ ಪುಟ್ಟ ಕೇಸ್ ತಗೊಂಡರೆ ಎಸ್‌ಎಫ್‌ಎಕ್ಸ್ ಅಳತೆಯ ಪವರ್ ಸಪ್ಲೈಯೂ ಬೇಕು, ಅದೂ ದುಬಾರಿ. ಒಳಗೆ ಬೆರಳು ಆಡಿಸೋಕೂ ಜಾಗ ಇರಲ್ಲ. ಮೊದಲ ಸಲ ಜೋಡಿಸುವವರಿಗೆ ನಾನು ಅದನ್ನು ಹೇಳುವುದೇ ಇಲ್ಲ. ರಜೆಗೆ ಊರಿಗೆ ಹೋಗುವಾಗ ಕಾರ್ಡ್ ಬಿಚ್ಚಿ ಅದರ ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಕೇಸ್ ಸಮೇತ ಒಯ್ಯಿರಿ. ಬಸ್ಸಿನ ಕುಲುಕಾಟದಲ್ಲಿ ಕಾರ್ಡಿನ ತೂಕ ಸ್ಲಾಟ್ ಮೇಲೆ ಬೀಳಬಾರದು.

ಈಗ ಮುಖ್ಯ ವಿಷಯ. ಮೈಕ್ರೋ ಎಟಿಎಕ್ಸ್ ಅಂತ ಮಾರುವ ಬೋರ್ಡೆಲ್ಲ ಒಂದೇ ಅಗಲ ಇರುವುದಿಲ್ಲ. ಅಗ್ಗದ ಎಷ್ಟೋ ಬೋರ್ಡ್‌ಗಳು 244ರ ಬದಲು 200 ಮಿ.ಮೀ. ಆಸುಪಾಸಿನಲ್ಲಿರುತ್ತವೆ. ಆಗ ಬಲತುದಿಯ ಸ್ಕ್ರೂ ತೂತುಗಳ ಸಾಲೇ ಹೋಗಿಬಿಡುತ್ತದೆ. ಎಡಕ್ಕೆ, ನಡುವಿಗೆ ಸ್ಕ್ರೂ; ಬಲಗಡೆ ಅಂಚು ಗಾಳಿಯಲ್ಲಿ. 24 ಪಿನ್ನಿನ ಪವರ್ ಕೇಬಲ್ ಚುಚ್ಚಬೇಕಾದದ್ದು ಅದೇ ಅಂಚಿಗೆ! ಜೋರಾಗಿ ಒತ್ತಿದರೆ ಬೋರ್ಡ್ ಬಾಗುವುದು ಕಣ್ಣಿಗೇ ಕಾಣುತ್ತದೆ. ನಾನು ಅಂಥ ಬೋರ್ಡ್ ಕೂರಿಸುವಾಗ ಎಡಗೈ ಬೆರಳನ್ನು ಅಂಚಿನ ಕೆಳಗೆ ಆನಿಸಿ, ಬಲಗೈಯಲ್ಲಿ ಕೇಬಲನ್ನು ನೇರವಾಗಿ, ನಿಧಾನಕ್ಕೆ ಒತ್ತುತ್ತೇನೆ. ಕೇಸಿನ ಹೊರಗೇ ಒಮ್ಮೆ ಚುಚ್ಚಿ ತೆಗೆದು ನೋಡಿದರೆ ಎಷ್ಟು ಬಲ ಬೇಕು ಅಂತ ಕೈಗೆ ಗೊತ್ತಾಗುತ್ತದೆ. ದುಡ್ಡು ಸಾಲುವುದಾದರೆ ಪೂರ್ತಿ ಅಗಲದ ಬೋರ್ಡೇ ತಗೊಳ್ಳಿ. ಅಳತೆ ಕಂಪನಿಯ ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ ಇರುತ್ತದೆ, ಅಂಗಡಿಯವರ ಬಾಯಿಮಾತು ನಂಬಬೇಡಿ.

ಬೋರ್ಡಿನ ಸೌಲಭ್ಯಗಳನ್ನು ನಿರ್ಧರಿಸುವ ಚಿಪ್‌ಸೆಟ್ ಬಿ650 ಇದ್ದರೆ ನಿಮಗೆ ಸಾಕು. ಹೆಸರಿನಲ್ಲಿ ಬಿ650ರ ಪಕ್ಕ ‘ಎಂ’ ಇದ್ದರೆ ಮೈಕ್ರೋ ಎಟಿಎಕ್ಸ್. 7600 ಬರೀ 65 ವ್ಯಾಟ್‌ನ ಪ್ರೊಸೆಸರ್, ಆದರೂ ಅದರ ಸಾಕೆಟ್ ಸುತ್ತ ಪ್ರೊಸೆಸರಿಗೆ ವಿದ್ಯುತ್ ಹದಮಾಡಿ ಕೊಡುವ ವಿಆರ್‌ಎಂ ಭಾಗದ ಮೇಲೆ, ಶಾಖ ಹೀರುವ ಲೋಹದ ಹೀಟ್‌ಸಿಂಕ್ ಇರುವ ಬೋರ್ಡ್ ಆರಿಸಿ. ನಿಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ವಾ? ರ‍್ಯಾಮ್ ಸ್ಲಾಟ್ ಎರಡೇ ಇದ್ದರೂ ಪರವಾಗಿಲ್ಲ. ಈ ಪ್ರೊಸೆಸರಿಗೆ ಎಎಂಡಿ ಹೇಳುವ ರ‍್ಯಾಮ್ ವೇಗ ಎರಡು ಸ್ಟಿಕ್ ಹಾಕಿದರೆ 5200 ಎಂಟಿ/ಎಸ್ (ರ‍್ಯಾಮ್ ವೇಗದ ಅಳತೆ), ನಾಲ್ಕು ಹಾಕಿದರೆ 3600. ಹದಿನಾರು ಜಿಬಿಯ ಎರಡು ಸ್ಟಿಕ್ ಒಟ್ಟಿಗೇ ಕೊಳ್ಳಿ, ಆಮೇಲೆ ಸೇರಿಸುವ ಗೋಜೇ ಬೇಡ.

ಪ್ರಶ್ನೆ: ಮನೆಯಲ್ಲಿ ಹಳೇ ಎಟಿಎಕ್ಸ್ ಕೇಸ್ ಇದೆ. ಅದರಲ್ಲಿ ಮೈಕ್ರೋ ಎಟಿಎಕ್ಸ್ ಬೋರ್ಡ್ ಕೂರುತ್ತಾ? (ಓದುಗರು, ಶಿರಸಿ)

ಉತ್ತರ: ಕೂರುತ್ತದೆ. ಆದರೆ ಒಳಗೆ ನಿಂತಿರುವ ಹಿತ್ತಾಳೆಯ ಸ್ಟ್ಯಾಂಡಾಫ್‌ಗಳನ್ನು, ಅಂದರೆ ಬೋರ್ಡನ್ನು ಕೇಸಿನಿಂದ ಎತ್ತಿ ಹಿಡಿಯುವ ಪುಟ್ಟ ಕಂಬಗಳನ್ನು ನೋಡಿ. ಬೋರ್ಡಿನಲ್ಲಿ ತೂತು ಎಲ್ಲಿದೆಯೋ ಅಲ್ಲಷ್ಟೇ ಅವು ಇರಬೇಕು. ತೂತಿಲ್ಲದ ಕಡೆ ಒಂದು ಉಳಿದರೂ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆದೀತು. ಬೋರ್ಡನ್ನು ಒಳಗೆ ಹಿಡಿದು ನೋಡಿ, ಬೇಡದ್ದನ್ನು ಮೊದಲೇ ತಿರುಗಿಸಿ ತೆಗೆಯಿರಿ. ಇನ್ನೊಂದು, ಹಳೇ ಕೇಸ್‌ಗಳಲ್ಲಿ ಹಾರ್ಡ್‌ಡಿಸ್ಕ್ ಗೂಡು ಕಾರ್ಡಿಗೆ ಅಡ್ಡ ಬರುತ್ತದೆ. ಈಗಿನ ಮೂರು ಫ್ಯಾನಿನ ಕಾರ್ಡ್‌ಗಳು 300 ಮಿ.ಮೀ. ದಾಟುವುದುಂಟು. ಸ್ಲಾಟಿನ ಹಿಂಬದಿಯ ಪಟ್ಟಿಯಿಂದ ಆ ಗೂಡಿನವರೆಗೆ ಟೇಪ್ ಹಿಡಿದು ಅಳೆದ ಮೇಲೇ ಕಾರ್ಡ್ ಕೊಳ್ಳಿ.