ಮೆಷಿನ್ ನಿಂತರೂ ಕಂಪ್ರೆಸರ್ ಯಾಕೆ ಲೋಡ್ ಆಗುತ್ತದೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಚಿಕ್ಕ ಸಿಎನ್‌ಸಿ ವರ್ಕ್‌ಶಾಪ್ ಇದೆ ಸರ್. 30 ಎಚ್‌ಪಿ ಸ್ಕ್ರೂ ಕಂಪ್ರೆಸರ್. ಗಾಳಿ ಸಾಲುತ್ತಿಲ್ಲ ಅಂತ ಪ್ರೆಶರ್ 8 ಬಾರ್‌ಗೆ ಏರಿಸಿದ್ದೇವೆ. ಡೀಲರ್ ಇನ್ನೊಂದು ಕಂಪ್ರೆಸರ್ ತಗೊಳ್ಳಿ ಅನ್ನುತ್ತಾರೆ. ತಗೊಳ್ಳಲಾ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಇದೊಂದು ಮಾಡಿ. ಶಿಫ್ಟ್ ಮುಗಿದ ಮೇಲೆ ಮೆಷಿನ್‌ಗಳನ್ನೆಲ್ಲ ನಿಲ್ಲಿಸಿ, ಲೈನ್ ವಾಲ್ವ್‌ಗಳು ತೆರೆದೇ ಇರಲಿ, ಕಂಪ್ರೆಸರ್ ಮಾತ್ರ ಓಡಲಿ. ಗಾಳಿ ಬಳಸುವವರೇ ಇಲ್ಲ, ಆದರೂ ಅದು ಆಗಾಗ ಲೋಡ್ ಆಗುತ್ತಿದೆ (ಗಾಳಿ ತುಂಬಲು ಶುರು ಮಾಡುತ್ತಿದೆ) ಅಂದರೆ ಆ ಗಾಳಿಯೆಲ್ಲ ಸೋರಿ ಹೋಗುತ್ತಿದೆ, ಅಲ್ವಾ? ಮೊಬೈಲ್‌ನಲ್ಲಿ ಟೈಮ್ ನೋಡಿ. 2 ನಿಮಿಷ ಲೋಡ್, 4 ನಿಮಿಷ ಅನ್‌ಲೋಡ್ (ಗಾಳಿ ತುಂಬದೆ ಸುಮ್ನೆ ಓಡುವುದು) ಇದ್ದರೆ ಕಂಪ್ರೆಸರ್ ಕೊಡುವ ಗಾಳಿಯಲ್ಲಿ ಮೂರನೇ ಒಂದು ಪಾಲು ಲೀಕ್. ಗಮನ ಕೊಡದ ಶಾಪ್‌ಗಳಲ್ಲಿ ಶೇ. 20-30 ಮಾಮೂಲು. 10ರ ಒಳಗೆ ತನ್ನಿ. (ಬೇಕಾದಷ್ಟೇ ಗಾಳಿಗೆ ತಕ್ಕಂತೆ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಕಂಪ್ರೆಸರ್ ಆದರೆ ಈ ಲೆಕ್ಕ ನಡೆಯುವುದಿಲ್ಲ.)

7 ಬಾರ್‌ನಲ್ಲಿ ಬರೀ 3 ಮಿ.ಮೀ. ತೂತು ಸುಮಾರು 3 ಕಿಲೋವ್ಯಾಟ್ ನುಂಗುತ್ತದೆ. ಹಗಲು ರಾತ್ರಿ ಓಡಿದರೆ ತಿಂಗಳಿಗೆ 2,000 ಯೂನಿಟ್ ದಾಟುತ್ತದೆ, ನಿಮ್ಮ ಬಿಲ್‌ನ ದರಕ್ಕೆ ಗುಣಿಸಿ ನೋಡಿ. ಹುಡುಕುವುದಕ್ಕೆ ಸೋಪಿನ ನೀರು ಸಾಕು. ಕಪ್ಲಿಂಗ್, ಪಿಯು (ಪ್ಲಾಸ್ಟಿಕ್) ಪೈಪಿನ ತುದಿ, ಎಫ್‌ಆರ್‌ಎಲ್ (ಫಿಲ್ಟರ್, ರೆಗ್ಯುಲೇಟರ್, ಲ್ಯೂಬ್ರಿಕೇಟರ್ ಸೆಟ್) ಬೌಲ್, ಸಿಲಿಂಡರ್ ಸೀಲ್ ನೋಡಿ. ನನ್ನ ಅನುಮಾನ ಮಾತ್ರ ಮೊದಲು ಡ್ರೇನ್ ವಾಲ್ವ್ ಮೇಲೆ, ಗಾಳಿಯಿಂದ ಇಳಿದ ನೀರು ತಾನಾಗೇ ಹೋಗಲಿ ಅಂತ ಯಾರೋ ಅದನ್ನು ಸ್ವಲ್ಪ ತೆರೆದಿಟ್ಟಿರುತ್ತಾರೆ, ಆಮೇಲೆ ಎಲ್ಲರೂ ಮರೆತಿರುತ್ತಾರೆ. ಕೆಲಸವಿಲ್ಲದ ಮೆಷಿನ್‌ಗೆ ಗಾಳಿ ಬಂದ್ ಮಾಡಿ. ಏರ್ ಗನ್‌ನಿಂದ ಬಟ್ಟೆಯ ಧೂಳು ಹೊಡೆದುಕೊಳ್ಳುವುದನ್ನೂ ನಿಲ್ಲಿಸಿ. ಗಾಳಿ ದಂಡ ಅನ್ನುವುದು ಹಾಗಿರಲಿ, ಕಣ್ಣು ಕಿವಿಗೆ ಅಪಾಯ.

ಇನ್ನು ಆ 8 ಬಾರ್. ಪ್ರೆಶರ್ ಏರಿಸಿದಷ್ಟೂ ಅದೇ ತೂತಿನಿಂದ ಜಾಸ್ತಿ ಗಾಳಿ ಹೋಗುತ್ತದೆ, ಮೇಲಿಂದ ಪ್ರತಿ ಬಾರ್‌ಗೆ ಕರೆಂಟೂ ಶೇ. 6-7ರಷ್ಟು ಜಾಸ್ತಿ. ಲೀಕ್ ಮುಚ್ಚಿದ ಮೇಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಯಾವುದಾದರೂ ಮೆಷಿನ್‌ನಲ್ಲಿ ಲೋ ಏರ್ ಅಲಾರಂ ಬಂದರೆ ಮೊದಲು ಅದರ ಫಿಲ್ಟರ್ ಕಟ್ಟಿದೆಯಾ ನೋಡಿ, ಆ ಒಂದು ಮೆಷಿನ್‌ಗೋಸ್ಕರ ಇಡೀ ಶಾಪಿನ ಪ್ರೆಶರ್ ಏರಿಸಬೇಡಿ.

ಪ್ರಶ್ನೆ: ಊಟದ ಹೊತ್ತಲ್ಲಿ ಕಂಪ್ರೆಸರ್ ಅನ್‌ಲೋಡ್‌ನಲ್ಲಿ ಸುಮ್ನೆ ಓಡುತ್ತಿರುತ್ತದೆ. ಆಗ ಕರೆಂಟ್ ಎಳೆಯುವುದಿಲ್ಲ ತಾನೇ?

ಉತ್ತರ: ಎಳೆಯುತ್ತದೆ ಸ್ವಾಮಿ! ಸ್ಕ್ರೂ ಕಂಪ್ರೆಸರ್ ಆದರೆ ಫುಲ್ ಲೋಡ್‌ನ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೂ. ಊಟಕ್ಕೆ ಹೋಗುವಾಗ ಆಫ್ ಮಾಡಿ ಹೋಗಿ.