ಕ್ಯಾಮೆರಾದಾಗ ಮನಿಷ್ಯಾ ಕಾಣ್ತಾನ, ಸರ ಎಲ್ಲಿ ಕಾಣ್ತದ?

ಕೆಲಸದಾಕಿ ಕಪಾಟ ತೆಗದದ್ದು ಕ್ಯಾಮೆರಾದಾಗ ಅದ, ಉಂಗುರ ಇಲ್ಲ, ಠಾಣೆದಾಗ ಮಾತ್ರ ನಾಲ್ಕು ದಿನದಿಂದ "ನೋಡೋಣ ತಡೀರಿ" ಅನ್ಲಿಕ್ಕತ್ತಾರ, ಏನ್ ಮಾಡ್ಲಿ ಅಂತ ಕೇಳೀರಿ. ನಾ ವಿಜಯಪುರದಾಂವ, ಹೋದ ದೀಪಾವಳಿ ಮುಂದ ನಮ್ಮ ಮನಿಯೊಳಗೂ ಹಿಂಗs ಆಗಿತ್ರಿ.

ಬಣ್ಣ ಹಚ್ಚಲಿಕ್ಕೆ ಬಂದ ಒಬ್ಬಾಂವ ಅವ್ವನ ಖೋಲಿಗೆ ಹೋಗೂದು, ಎರಡು ನಿಮಿಷ ಬಿಟ್ಟು ಹೆಗಲ ಮ್ಯಾಲ ಟಾವೆಲ್ ಹಾಕ್ಕೊಂಡು ಬರೂದು ಪಡಸಾಲಿ ಕ್ಯಾಮೆರಾದಾಗ ಇತ್ತು, ಸಂಜಿಮುಂದ ನೋಡಿದ್ರ ಅವ್ವನ ಬೋರಮಾಳ, ಅಂದ್ರ ಬಂಗಾರದ ಮಣಿ ಸರ, ಇಲ್ಲ. ನಾ ಸಿಟ್ಟಿಲೆ ಮೊಬೈಲ್ ಹಿಡಕೊಂಡು ಠಾಣೆಗೆ ಓಡಿದೆ. ಹೆಡ್ ಕಾನ್‌ಸ್ಟೇಬಲ್ ಎರಡು ಸಲ ನೋಡಿ "ಇದರಾಗ ಮನಿಷ್ಯಾ ಕಾಣ್ತಾನ, ಸರ ಎಲ್ಲಿ ಕಾಣ್ತದ?" ಅಂದ್ರು. ಆವಾಗ ಮೈಯೆಲ್ಲಾ ಉರೀತು, ಆದ್ರ ಅವರು ಹೇಳಿದ್ದು ತಪ್ಪಿರಲಿಲ್ಲ ಬಿಡ್ರಿ. ಮ್ಯಾಲ ಕರೆಂಟ್ ಹೋಗಿ ಬಂದು ಕ್ಯಾಮೆರಾ ಟೈಮ್ 40 ನಿಮಿಷ ಹಿಂದ ಬಿದ್ದಿತ್ತು, ಅದನ್ನೂ ಅವರs ಹಿಡದ್ರು.

ಬಾಯಿಲೆ ಹೇಳಿದ್ರ ಯಾರೂ ಏಳೂದಿಲ್ರಿ. ಬರದು ಕೊಡ್ರಿ. "ಆಕಿನs ಕಳ್ಳಿ" ಅಂತ ಬರೀಬ್ಯಾಡ್ರಿ, ಕಡೀಕ ಉಂಗುರ ಯಾವಾಗ ನೋಡಿದ್ರಿ, ಎಷ್ಟು ಗ್ರಾಮ್, ವಿಡಿಯೋದಾಗ ಎಷ್ಟು ಗಂಟೆಕ್ಕ ಏನು ಕಾಣ್ತದ, ಆಕಿ ಮ್ಯಾಲ ಸಂಶಯ ಅದ, ಇಷ್ಟು ಸಾಕು. ನಮಗ ಅಕ್ಕಸಾಲಿಗರ ಹಳೆ ಚೀಟಿ ಸಿಕ್ಕಿತ್ತು, ತಮ್ಮನ ಮದವಿ ಫೋಟೋದಾಗ ಅವ್ವನ ಕೊಳ್ಳಾಗ ಸರ ಇತ್ತು, ಅವೆರಡನ್ನೂ ಹಚ್ಚಿದ ಮ್ಯಾಲ ಮಾತಿನ ಧಾಟಿನs ಬದಲಾತು. ಅರ್ಜಿಗೆ ಸ್ವೀಕೃತಿ ಇಸಗೊಳ್ಳದ ಎದ್ದು ಬರಬ್ಯಾಡ್ರಿ.

"ಸಣ್ಣ ಕಳವು, ಕೋರ್ಟಿಗೆ ಹೋಗ್ರಿ" ಅಂದ್ರ ಸುಮ್ನ ಹೊಳ್ಳಿ ಬರಬ್ಯಾಡ್ರಿ. 1 ಜುಲೈ 2024ರಿಂದ ಬಂದ ಹೊಸ ಕಾನೂನಿನಾಗ, ಮೊದಲ ಸಲ ಮಾಡಿದ 5000 ರೂಪಾಯಿ ಒಳಗಿನ ಸಾದಾ ಕಳವಿಗೆ ಆ ಮಾತು ನಡೀತದ. ಆದ್ರ ವಾಸದ ಮನಿಯೊಳಗಿನ ಕಳವು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತಾ) ಕಲಂ 305, ಕೆಲಸದವರು ಮಾಲಕರ ಸಾಮಾನು ಕದ್ರ 306, ಎರಡಕ್ಕೂ 7 ವರ್ಷದ ತನಕ ಜೈಲು, ಪೊಲೀಸ್ರು ಸೀದಾ ಎಫ್‌ಐಆರ್ ಮಾಡೋ ಕೇಸು. ಪ್ರತಿ ಪುಕ್ಕಟೆ ಕೊಡಬೇಕು. ಮಾಡವಲ್ರು ಅಂದ್ರ ಅದೇ ಅರ್ಜಿ ಎಸ್‌ಪಿ ಅವರಿಗೆ ರಿಜಿಸ್ಟರ್ ಪೋಸ್ಟ್ ಮಾಡ್ರಿ, ಅಲ್ಲೂ ಆಗಲಿಲ್ಲಂದ್ರ ಮ್ಯಾಜಿಸ್ಟ್ರೇಟ್ ಕೋರ್ಟ್. ನಮಗ ಎಸ್‌ಪಿ ಆಫೀಸಿನ ತನಕ ಹೋಗೂ ಪ್ರಸಂಗ ಬರಲಿಲ್ಲ.

ಮೊದಲ ಇವತ್ತs ಕ್ಯಾಮೆರಾ ಬಂದ್ ಮಾಡಿ ಮೆಮೊರಿ ಕಾರ್ಡ್ ತೆಗದಿಡ್ರಿ, ತುಂಬಿದ ಮ್ಯಾಲ ಹಳೆ ವಿಡಿಯೋ ಮ್ಯಾಲನs ಹೊಸದು ಕೂಡ್ತದ. ವಾಟ್ಸಾಪ್‌ನಾಗ ಕಳಿಸಿದ್ದು ಅಸಲಿ ಫೈಲ್ ಅಲ್ಲ. ಕೋರ್ಟಿಗೆ ವಿಡಿಯೋ ಜೋಡಿ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಬೇಕಾಗ್ತದ. ಮತ್ತ ಓಣಿ ಗ್ರೂಪ್‌ನಾಗ ಆಕಿ ಮಾರಿ ಹಾಕಬ್ಯಾಡ್ರಿ, ನಮ್ಮ ಕಾಕಾ ಆ ಕೆಲಸ ಮಾಡಿ ಆ ಬಣ್ಣ ಹಚ್ಚೂ ಹುಡುಗ ಎರಡು ವಾರ ಊರಾಗs ಇರಲಿಲ್ಲ.

ಸರ ಕಡೀಕ ಒಂದು ಫೈನಾನ್ಸ್‌ನಾಗ ಒತ್ತಿ ಇಟ್ಟದ್ದು ಸಿಕ್ತು. ಠಾಣೆದಿಂದ ಸೀದಾ ಕೊಡಂಗಿಲ್ರಿ, ಕೋರ್ಟಿಗೆ ಅರ್ಜಿ ಹಾಕಿ ಬಾಂಡ್ ಬರದು ಬಿಡಿಸಿಕೊಂಡ್ವಿ. ಕೇಸ್ ಮುಗಿಯೂ ತನಕ ಮಾರಂಗಿಲ್ಲ, ಮುರಿಸಂಗಿಲ್ಲ, ಕರದಾಗ ತಂದು ತೋರಸಬೇಕು. ಅವ್ವ ಈಗ ಯಾರದರೆ ಮದವಿಗೆ ಹಾಕ್ಕೊಂಡು ಹೋದ್ರ ಮನಿಗೆ ಬಂದಕೂಡ್ಲೆ ಮಣಿ ಎಣಸಿ ಇಡ್ತಾಳ.