‘ಮಸಲತ್ತು’ ಎಂದು ಏಕೆ ಬರೆದೆವು?

ಮಾನ್ಯರೇ,

ಸಿಂಧನೂರಿನಿಂದ ತಾವು ಬರೆದ ಪತ್ರ ತಲುಪಿದೆ. ಗ್ರಾಮ ಪಂಚಾಯಿತಿಯೊಂದರ ಅಧ್ಯಕ್ಷರ ವಿರುದ್ಧದ ಅವಿಶ್ವಾಸ ನಿರ್ಣಯವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ವರದಿಯಲ್ಲಿ ‘ಸದಸ್ಯರು ಮಸಲತ್ತು ನಡೆಸಿದರು’ ಎಂಬ ಮಾತಿರುವುದನ್ನು ತಾವು ಆಕ್ಷೇಪಿಸಿ, ತಿದ್ದುಪಡಿ ಕೇಳಿದ್ದೀರಿ. ಉರ್ದು ಮಾಧ್ಯಮದಲ್ಲಿ ಓದಿದ ತಮ್ಮ ತಂದೆಯವರು ಈ ಪದವನ್ನು ಹಿತಚಿಂತನೆ ಎಂಬ ಅರ್ಥದಲ್ಲೇ ಬಳಸುತ್ತಿದ್ದರೆಂದೂ ಬರೆದಿದ್ದೀರಿ.

ತಂದೆಯವರ ಬಳಕೆಗೆ ಗಟ್ಟಿಯಾದ ಆಧಾರವಿದೆ. ಅರಬ್ಬಿಯಿಂದ ಬಂದ ‘ಮಸ್ಲಹತ್’ ಎಂದರೆ ಒಳಿತು, ಹಿತ, ಸಮಯಕ್ಕೆ ತಕ್ಕ ವಿವೇಕ. ನಾವು ದಿನವೂ ಆಡುವ ‘ಸಲಹೆ’ ಕೂಡ ಅದೇ ಅರಬ್ಬಿ ಧಾತುವಿನದು. ಮರಾಠಿಯವರು ‘ಸಲ್ಲಾಮಸಲತ್’ ಎಂದು ಎರಡನ್ನೂ ಜೋಡಿಸಿ ಇಂದಿಗೂ ಸಮಾಲೋಚನೆ ಎಂಬ ಗೌರವದ ಅರ್ಥದಲ್ಲೇ ಹೇಳುತ್ತಾರೆ. 1948ರವರೆಗೆ ನಿಜಾಮರ ಆಳ್ವಿಕೆಗೆ ಸೇರಿದ್ದು, ಕಚೇರಿಯ ವ್ಯವಹಾರವೆಲ್ಲ ಉರ್ದುವಿನಲ್ಲೇ ನಡೆಯುತ್ತಿದ್ದ ನಮ್ಮ ರಾಯಚೂರು ಜಿಲ್ಲೆಯಲ್ಲಿ (1997ರವರೆಗೆ ಕೊಪ್ಪಳವೂ ಇದರೊಳಗೇ ಇತ್ತು) ಹಿರಿಯರ ಬಾಯಲ್ಲಿ ಆ ಮೂಲಾರ್ಥ ಉಳಿದುಕೊಂಡದ್ದು ಸಹಜ.

ಆದರೆ ಇಂದಿನ ಕನ್ನಡ ಓದುಗನಿಗೆ ಪದ ಏನನ್ನು ತಿಳಿಸುತ್ತದೆ ಎಂಬುದನ್ನು ಅರಬ್ಬಿ ನಿಘಂಟು ಹೇಳಲಾರದು. ಗುಡಿಯ ಕಟ್ಟೆಯ ಮೇಲೆ ನಾಲ್ವರು ತಲೆಗೆ ತಲೆ ಕೊಟ್ಟು ಮಾತನಾಡುತ್ತಿದ್ದು, ಐದನೆಯವನು ಬಂದೊಡನೆ ಮಳೆಯ ಸುದ್ದಿ ತೆಗೆದರೆ, ಅವನು ಕೇಳುವುದು ‘ಏನ್ರಪಾ, ಏನ್ ಮಸಲತ್ತು ನಡದೈತಿ?’ ಎಂದು. ಅಲ್ಲಿ ‘ಸಲಹೆ’ ಎಂಬ ಮಾತು ಯಾರ ಬಾಯಿಗೂ ಬರುವುದಿಲ್ಲ. ಮಸಲತ್ತಿಗೆ ಒಬ್ಬರಿಗಿಂತ ಹೆಚ್ಚು ಜನ ಬೇಕು, ಗುಟ್ಟು ಬೇಕು, ಆ ಗುಟ್ಟಿನಿಂದ ಹೊರಗುಳಿದವನೊಬ್ಬ ಬೇಕು. ಒಂಟಿಯಾಗಿ ಮೂಲೆ ಸೇರಿದ ಮಗುವನ್ನು ಹೀಗೆ ಕೇಳಿದರೆ ಅದು ತಮಾಷೆಯಾಗುವುದೂ ಈ ಕಾರಣಕ್ಕೇ.

ನೆರೆಹೊರೆಯ ಪದಗಳು ಇಷ್ಟು ಸಲೀಸಾಗಿ ಅದರ ಜಾಗಕ್ಕೆ ಬರುವುದಿಲ್ಲ. ‘ಹುನ್ನಾರ’ವನ್ನು ಒಬ್ಬನೇ ಹೂಡಬಲ್ಲ, ಮುಂದೊಂದು ದಿನ ಹೊಲ ಬರೆಸಿಕೊಳ್ಳುವ ಉದ್ದೇಶವಿಟ್ಟುಕೊಂಡು, ಕೇಳದಿದ್ದರೂ ಮನೆಗೆ ಬಂದು ಸಾಲ ಕೊಡುವವನದು ಹುನ್ನಾರ. ಪಾರಸಿಯ ‘ಹುನರ್’ ಎಂದರೆ ಕೌಶಲ. ಆ ಕೌಶಲದ ಛಾಯೆ ಕನ್ನಡದಲ್ಲೂ ಪೂರ್ತಿ ಅಳಿಸಿಲ್ಲ. ‘ಪಿತೂರಿ’ಗೆ ಮೇಲೊಬ್ಬ ಅಧಿಕಾರಸ್ಥ ಇರಲೇಬೇಕು. ನೆರೆಯ ತೆಲುಗಿನಲ್ಲಂತೂ 1922–24ರಲ್ಲಿ ಅಲ್ಲೂರಿ ಸೀತಾರಾಮರಾಜು ಬ್ರಿಟಿಷರ ವಿರುದ್ಧ ನಡೆಸಿದ ಬಹಿರಂಗ ಬಂಡಾಯಕ್ಕೇ ಪಿತೂರಿ ಎಂಬ ಹೆಸರುಂಟು.

ನಾವು ‘ಒಳಸಂಚು’ ಎಂದು ಬರೆದಿದ್ದರೆ ತಮ್ಮ ಆಕ್ಷೇಪವನ್ನು ಒಪ್ಪಲೇಬೇಕಾಗುತ್ತಿತ್ತು. ಭಾರತೀಯ ನ್ಯಾಯ ಸಂಹಿತೆಯ 61ನೇ ಕಲಮಿನಲ್ಲಿ ಹೇಳಿರುವ, ಇಬ್ಬರು ಅಥವಾ ಹೆಚ್ಚು ಜನ ಕಾನೂನುಬಾಹಿರ ಕೆಲಸಕ್ಕೆ ಒಪ್ಪಿಕೊಳ್ಳುವ ಅಪರಾಧವನ್ನು ಪತ್ರಿಕೆಗಳು ಕರೆಯುವುದು ಆ ಹೆಸರಿನಿಂದಲೇ. ಅಧ್ಯಕ್ಷರನ್ನು ಅವಿಶ್ವಾಸದ ಮೂಲಕ ಇಳಿಸುವುದು ಅಪರಾಧವಲ್ಲ, ಪಂಚಾಯತ್ ರಾಜ್ ಕಾಯ್ದೆಯೇ ಕೊಟ್ಟ ಹಕ್ಕು. ಮಸಲತ್ತು ಎಂಬ ಮಾತು ಅಪರಾಧವನ್ನು ಹೊರಿಸುವುದಿಲ್ಲ. ಗುಟ್ಟನ್ನಷ್ಟೇ ಹೇಳುತ್ತದೆ, ಅದೂ ತುಸು ವ್ಯಂಗ್ಯದಿಂದ. ಆ ವ್ಯಂಗ್ಯ ವರದಿಗಾರರು ಬೇಕೆಂದೇ ಬಳಸಿದ್ದು.

ಸದಸ್ಯರು ಎಲ್ಲವನ್ನೂ ಬಹಿರಂಗವಾಗಿಯೇ ಮಾಡಿದರು ಎಂಬುದು ತಮ್ಮ ಇನ್ನೊಂದು ವಾದ. ಉಪವಿಭಾಗಾಧಿಕಾರಿಗಳಿಗೆ ನೋಟಿಸ್ ಕೊಟ್ಟ ಮೇಲಿನ ಮಟ್ಟಿಗೆ ಅದು ನಿಜ, ಆ ಭಾಗವನ್ನು ವರದಿ ‘ಸಭೆ’ ಎಂದೇ ಕರೆದಿದೆ. ಅದಕ್ಕೂ ಮುಂಚೆ ಅವರೆಲ್ಲ ಫೋನ್ ಬಂದ್ ಮಾಡಿಕೊಂಡು, ‘ಬೀಗರ ಮನೆಗೆ ಹೋಗಿದ್ದಾರೆ’ ಎಂದು ಮನೆಯವರಿಂದ ಹೇಳಿಸಿ, ತುಂಗಭದ್ರಾ ಕಾಲುವೆಯ ಪಕ್ಕದ ತೋಟದ ಮನೆಯೊಂದರಲ್ಲಿ ಉಳಿದ ದಿನಗಳಿಗೆ ಮಾತ್ರ ಮಸಲತ್ತು ಎಂಬ ಪದ ಅನ್ವಯಿಸಿದೆ. ಆದ್ದರಿಂದ ತಿದ್ದುಪಡಿ ಪ್ರಕಟಿಸುವ ಅಗತ್ಯ ನಮಗೆ ಕಾಣುತ್ತಿಲ್ಲ. ತಮ್ಮ ಪತ್ರವನ್ನು ಮಾತ್ರ ಈ ಉತ್ತರದ ಜೊತೆಗೇ ಪೂರ್ತಿಯಾಗಿ ಅಚ್ಚು ಹಾಕುತ್ತಿದ್ದೇವೆ.

— ಸಂಪಾದಕ, ರಾಯಚೂರು